ಅಜ್ಜಿ ಕಾಲಿನ ಜೇಡರ ಬಲೆ

ಮಕ್ಕಳೇ, ಮಕ್ಕಳಿಗೆ ಈ ಪುಟ ಓದಿ ಹೇಳುವ ಅಜ್ಜ-ಅಜ್ಜಿಯರೇ,

ಈ ವಾರ ನಿಮಗೆ ನನ್ನದೊಂದು ಗುಟ್ಟು ಹೇಳುತ್ತೇನೆ. 30 ವರ್ಷ ನಾನು ಅದನ್ನು ಸೀರೆಯ ಅಂಚಿನ ಕೆಳಗೆ ಬಚ್ಚಿಟ್ಟುಕೊಂಡಿದ್ದೆ. ಅದನ್ನು ಬಯಲಿಗೆ ಎಳೆದವಳು ಐದನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾವೆಲ್ಲ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿದ್ದೆವು. ಮಗ, ಸೊಸೆ, ಪುಟ್ಟಿ ಎಲ್ಲರೂ ಮೊಣಕಾಲು ಮಟ್ಟದ ನೀರಿನಲ್ಲಿ ಕುಣಿಯುತ್ತಿದ್ದರು. ನಾನು ಮಾತ್ರ ಚಪ್ಪಲಿ ಕಾಯುವ ಕೆಲಸ ವಹಿಸಿಕೊಂಡು ಮರಳಿನ ಮೇಲೆ ಕೂತಿದ್ದೆ. "ಬಾ ಅಜ್ಜಿ" ಅಂತ ಪುಟ್ಟಿ ನಾಲ್ಕು ಸಲ ಕರೆದಳು. "ನನಗೆ ನೀರು ಅಂದ್ರೆ ಭಯ ಕಣೇ" ಅಂದೆ. ಅದು ಸುಳ್ಳು. ನಾನು ತುಂಗೆಯಲ್ಲಿ ಈಜು ಕಲಿತವಳು.

ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂತು. ಚಪ್ಪಲಿಗಳು ತೇಲಿದವು. ಅವನ್ನು ಹಿಡಿಯಲು ನಾನು ಸೀರೆ ಎತ್ತಿ ಓಡಿದೆ. ಚಪ್ಪಲಿ ಸಿಕ್ಕಿತು, ಗುಟ್ಟು ಬಿಟ್ಟುಹೋಯಿತು.

"ಅಜ್ಜೀ! ನಿನ್ನ ಕಾಲಲ್ಲಿ ಜೇಡ ಬಲೆ ಕಟ್ಟಿದೆ!"

ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ನನಗೆ ಮರಳಿನೊಳಗೆ ಏಡಿಯ ಹಾಗೆ ತೂರಿಕೊಂಡು ಬಿಡೋಣ ಅನಿಸಿತು.

ಪುಟ್ಟಿ ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಎರಡೂ ತೊಡೆಯ ಹೊರಬದಿ, ಮೊಣಕಾಲಿನ ಸುತ್ತ, ಮೀನಖಂಡದ ಮೇಲೆ ಕೆಂಪು ಮತ್ತು ನೇರಳೆ ಬಣ್ಣದ ಸಣ್ಣ ಸಣ್ಣ ಎಳೆಗಳು. ಕೆಲವು ಕಡೆ ಒಂದೇ ಬಿಂದುವಿನಿಂದ ಹತ್ತು ಕಡೆಗೆ ಹರಡಿವೆ. ಇಂಗ್ಲಿಷಿನಲ್ಲೂ ಇವಕ್ಕೆ 'ಸ್ಪೈಡರ್ ವೇನ್ಸ್' ಎಂದೇ ಹೆಸರು. ಮೊದಲನೆಯದು ಕಾಣಿಸಿದ್ದು ನಿಮ್ಮ ಪುಟ್ಟಿಯ ಅಪ್ಪ ನನ್ನ ಹೊಟ್ಟೆಯಲ್ಲಿದ್ದಾಗ. ಆಮೇಲೆ 33 ವರ್ಷ ಕಪ್ಪುಹಲಗೆಯ ಮುಂದೆ ನಿಂತೆ. ಮೇಡಂಗೆ ಕುರ್ಚಿ ಇರಲಿಲ್ಲವೇ ಅನ್ನಬೇಡಿ. ಇತ್ತು. ಆದರೆ ನಾನು ಕೂತರೆ ಹಿಂದಿನ ಬೆಂಚು ಎದ್ದು ನಿಲ್ಲುತ್ತಿತ್ತು!

ನಾಚಿಕೆಗೆ ಇನ್ನೂ ಒಂದು ಕಾರಣವಿತ್ತು. ನಮ್ಮಮ್ಮನ ಕಾಲಿನಲ್ಲಿ, ಕಾಲ್ಗೆಜ್ಜೆ ಕೂರುವ ಜಾಗದಲ್ಲಿ, ಒಂದು ಹುಣ್ಣು ಇತ್ತು. ವರ್ಷಗಟ್ಟಲೆ ಇತ್ತು. ಹಳೆಯ ಪಂಚೆಯ ಚೂರು ಸುತ್ತಿಕೊಂಡೇ ಅವರು ಅಡುಗೆ ಮಾಡಿದರು, ಕೊಟ್ಟಿಗೆ ಬಳಿದರು, ನಮ್ಮನ್ನು ಸಾಕಿದರು. ಯಾವ ಡಾಕ್ಟರಿಗೂ ತೋರಿಸಲಿಲ್ಲ. "ಹೆಂಗಸು ಕಾಲು ತೋರಿಸೋದಾ?" ಅಂತಿದ್ದರು. ಕಾಲಿನ ವಿಷಯ ಮಾತಾಡಬಾರದು ಅನ್ನುವುದನ್ನು ನಾನೂ ಅಕ್ಕನೂ ಅವರನ್ನು ನೋಡಿಯೇ ಕಲಿತೆವು.

ಊರಿಗೆ ಬಂದ ಮೇಲೂ ಪುಟ್ಟಿ ಬಿಡಲಿಲ್ಲ. "ಆ ಬಲೆ ಹೇಗೆ ಬಂತು? ನೋಯುತ್ತಾ? ನನಗೂ ಬರುತ್ತಾ?" ಮೂರನೇ ಪ್ರಶ್ನೆ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಪಾಠ ಹೇಳಿದವಳಲ್ಲವೇ, ಪುಸ್ತಕ ತೆಗೆದು ಕೂತೆ.

ಪುಟ್ಟ ಪುಟ್ಟ ಬಾಗಿಲುಗಳು

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಹೃದಯ ಅದನ್ನು ಅಪಧಮನಿಗಳ ಮೂಲಕ ಮೈಗೆಲ್ಲ ತಳ್ಳುತ್ತದೆ. ಅಭಿಧಮನಿಗಳು ಅದನ್ನು ಹೃದಯಕ್ಕೆ ವಾಪಸು ತರುತ್ತವೆ. ಮನೆಮಾತಿನಲ್ಲಿ ನಾವು ಇವನ್ನೂ 'ನರ' ಅಂತಲೇ ಕರೆಯುತ್ತೇವೆ, ನಾನೂ ಹಾಗೇ ಕರೆಯುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ನೀವು ಹಾಗೆ ಬರೆಯಬೇಡಿ.

ಕೆಳಗೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಪಾದಕ್ಕೆ ಇಳಿದ ರಕ್ತ ಎದೆಯವರೆಗೆ ಹತ್ತಬೇಕಲ್ಲ? ಅದಕ್ಕೆ ಎರಡು ಉಪಾಯಗಳಿವೆ. ಒಂದು, ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಅದನ್ನು ಎರಡನೇ ಹೃದಯ ಎನ್ನುತ್ತಾರೆ. ಇನ್ನೊಂದು, ಅಭಿಧಮನಿಯ ಒಳಗೆ ಮೇಲಕ್ಕೆ ಮಾತ್ರ ತೆರೆಯುವ ಕವಾಟಗಳಿವೆ. ಹತ್ತಿದ ರಕ್ತ ಜಾರಿದರೆ ಅವು ಮುಚ್ಚಿಕೊಳ್ಳುತ್ತವೆ.

ಇಟಲಿಯ ಪಡುವಾ ಊರಿನಲ್ಲಿ ಫ್ಯಾಬ್ರಿಸಿಯಸ್ ಎಂಬ ಮೇಷ್ಟರು 1603ರಲ್ಲಿ ಈ ಕವಾಟಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಅವಕ್ಕೆ ಅವರು ಇಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಪುಟ್ಟ ಬಾಗಿಲುಗಳು'. ಆದರೆ ಬಾಗಿಲು ಇರುವುದು ಯಾಕೆ ಎನ್ನುವುದು ಅವರಿಗೆ ಸರಿಯಾಗಿ ಹೊಳೆಯಲಿಲ್ಲ. ಹೊಳೆದದ್ದು ಅವರ ಶಿಷ್ಯ ವಿಲಿಯಂ ಹಾರ್ವೆಗೆ. ರಕ್ತ ಮೈಯೆಲ್ಲ ಸುತ್ತಿ ಹೃದಯಕ್ಕೆ ಮರಳುತ್ತದೆ ಎಂದು ಹಾರ್ವೆ 1628ರಲ್ಲಿ ಬರೆದರು. ಅದನ್ನು ತೋರಿಸಲು ಅವರು ಮಾಡಿದ ಪ್ರಯೋಗವನ್ನು ನೀವೂ ಮಾಡಬಹುದು. ಬೇಕಾಗುವ ಸಾಮಾನು ಒಂದೇ: ಅಜ್ಜಿಯ ಅಥವಾ ಅಜ್ಜನ ಕೈ.

ಅಜ್ಜಿ ಒಂದು ನಿಮಿಷ ಕೈಯನ್ನು ಕೆಳಗೆ ಇಳಿಬಿಡಲಿ. ಅಂಗೈ ಹಿಂಭಾಗದಲ್ಲಿ ನರ ಉಬ್ಬುತ್ತದೆ. ಕವಲಿಲ್ಲದ ಒಂದು ನೇರ ನರವನ್ನು ಆರಿಸಿ. ಬೆರಳುಗಳ ಕಡೆಗಿನ ತುದಿಯ ಮೇಲೆ ನಿಮ್ಮ ಒಂದು ಬೆರಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ನರವನ್ನು ಸವರಿ, ಆ ಬೆರಳನ್ನು ತೆಗೆಯಿರಿ. ಮೇಲಿನಿಂದ ರಕ್ತ ಸ್ವಲ್ಪ ಕೆಳಗೆ ಬರುತ್ತದೆ, ಒಂದು ಜಾಗದಲ್ಲಿ ತಟ್ಟನೆ ನಿಲ್ಲುತ್ತದೆ. ಅಲ್ಲಿಂದ ನಿಮ್ಮ ಬೆರಳಿನವರೆಗೆ ನರ ಚಪ್ಪಟೆ. ನಿಂತ ಜಾಗವೇ ಬಾಗಿಲು! ಒತ್ತಿದ ಬೆರಳು ತೆಗೆದರೆ ಕೆಳಗಿನಿಂದ ರಕ್ತ ಬಂದು ನರ ಮತ್ತೆ ತುಂಬುತ್ತದೆ. ಕಾಲಿನ ನರದ ಮೇಲೆ ಮಾತ್ರ ಇದನ್ನು ಮಾಡಬೇಡಿ.

ಪುಟ್ಟಿ ನನ್ನ ಕೈ ಮೇಲೆ ಹನ್ನೆರಡು ಸಲ ಮಾಡಿದಳು. ಎಳೆಯ ಕೈಯಲ್ಲಿ ಈ ನರಗಳು ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಮುದುಕಿಯ ಕೈಗೆ ಬೆಲೆ ಬಂದ ದಿನ ಅದು.

ಬಾಗಿಲು ಸಡಿಲವಾದರೆ ರಕ್ತ ಕೆಳಗೇ ನಿಂತು ನರ ಹಿಗ್ಗುತ್ತದೆ. ಹಗ್ಗದ ಹಾಗೆ ಉಬ್ಬಿ ಸುತ್ತಿಕೊಂಡರೆ ಅದು 'ವೆರಿಕೋಸ್ ವೇನ್ಸ್'. ಅದರ ದಪ್ಪ 3 ಮಿಲಿಮೀಟರ್ ಅಥವಾ ಹೆಚ್ಚು. 1ರಿಂದ 3 ಮಿಲಿಮೀಟರ್ ಇರುವವು ಹಸಿರುನೀಲಿ ಗೆರೆಗಳು. 1 ಮಿಲಿಮೀಟರಿಗಿಂತ ಸಣ್ಣವೇ ನನ್ನ ಕಾಲಿನಂಥ ಜೇಡರ ಬಲೆಗಳು. ತಾಯಿ-ತಂದೆಯ ಕಡೆಯಿಂದ ಬರುವುದು, ವಯಸ್ಸು, ಬಸುರಿ-ಬಾಣಂತನ, ಮೈತೂಕ, ದಿನವಿಡೀ ನಿಂತು ಮಾಡುವ ಕೆಲಸ ಇವೆಲ್ಲ ಇದಕ್ಕೆ ಕಾರಣಗಳು. ಮೇಷ್ಟರು, ನರ್ಸು, ಬಸ್ ಕಂಡಕ್ಟರು, ಹೋಟೆಲಿನ ಅಡುಗೆಯವರು ಎಲ್ಲರೂ ಒಂದೇ ಪಂಗಡ!

ಇದು ಇಂದು ನಿನ್ನೆಯ ಕಾಯಿಲೆಯೂ ಅಲ್ಲ. ಗ್ರೀಸ್ ದೇಶದ ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದ ಒಂದು ಹರಕೆ ಕಲ್ಲು ಇದೆ. ಅದರಲ್ಲಿ ಒಬ್ಬ ಮನುಷ್ಯ ದೊಡ್ಡ ಕಾಲೊಂದನ್ನು ಹಿಡಿದು ನಿಂತಿದ್ದಾನೆ. ಆ ಕಾಲಿನ ಉದ್ದಕ್ಕೂ ಒಂದು ಉಬ್ಬಿದ ನರ. ನಮ್ಮಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುತ್ತಾರಲ್ಲ, ಹಾಗೆ. ರೋಮಿನ ಸೇನಾಪತಿ ಮಾರಿಯಸ್‌ಗೆ ಎರಡೂ ಕಾಲಿನಲ್ಲಿ ನರ ಉಬ್ಬಿದ್ದವಂತೆ. ವೈದ್ಯರು ಒಂದು ಕಾಲನ್ನು ಕೊಯ್ದು ಸರಿಮಾಡುವಾಗ ಕಟ್ಟಿಸಿಕೊಳ್ಳದೆ, ಕಿರುಚದೆ ತಡೆದುಕೊಂಡನಂತೆ. ಇನ್ನೊಂದು ಕಾಲಿಗೆ ಬಂದಾಗ, ಈ ನೋವಿಗೆ ಆ ಗುಣ ಸಾಟಿಯಲ್ಲ ಅಂತ ಬೇಡವೆಂದನಂತೆ. ಪ್ಲುಟಾರ್ಕ್ ಬರೆದ ಅವನ ಚರಿತ್ರೆಯಲ್ಲಿ ಇದು ಬರುತ್ತದೆ.

"ಅವನು ಕಾಲು ತೋರಿಸಿದ, ನೀನು ಯಾಕೆ ತೋರಿಸಲ್ಲ?" ಅಂದಳು ಪುಟ್ಟಿ.

ಅಕ್ಕ ಜೊತೆಗೆ ಬಂದಳು

ಮಗ ಜೂನಿನಲ್ಲಿ ರಕ್ತನಾಳದ ಡಾಕ್ಟರ ಬಳಿ ಹೆಸರು ಬರೆಸಿದ. ಆ ವಾರ ನನ್ನ ಅಕ್ಕ ತೀರ್ಥಹಳ್ಳಿ ಕಡೆಯ ತನ್ನ ತೋಟದ ಮನೆಯಿಂದ ಬಂದಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕಳು.

"ಅಲ್ಲ ಕಣೇ, ಮೊಮ್ಮಕ್ಕಳನ್ನು ಕಂಡ ಮೇಲೆ ನಿನಗೆ ಕಾಲಿನ ಚಂದ ಯಾಕೆ? ಯಾರು ನೋಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾನು ನೋಡ್ತೀನಲ್ಲ" ಅಂದೆ. ಜೊತೆಗೆ ಬಾ ಅಂತ ಕರೆದೆ. ದುಡ್ಡು ಹಾಳಾಗೋದನ್ನು ನೋಡೋಕೆ ಬರ್ತೀನಿ ಅಂತ ಹೊರಟಳು.

ಡಾಕ್ಟರು ನಮ್ಮ ಸೊಸೆಯ ವಯಸ್ಸಿನ ಹೆಣ್ಣುಮಗಳು. ನಗಲಿಲ್ಲ. ನನ್ನನ್ನು ನಿಲ್ಲಿಸಿ ಎರಡೂ ಕಾಲನ್ನು ಮುಂದೆ ಹಿಂದೆ ನೋಡಿದರು. ತಂಪಾದ ಜೆಲ್ ಹಚ್ಚಿ ಡಾಪ್ಲರ್ ಸ್ಕ್ಯಾನ್ ಮಾಡಿದರು. ಬಸುರಿಯರಿಗೆ ಮಾಡುವಂಥದೇ ಸ್ಕ್ಯಾನ್, ನೋವಿಲ್ಲ. ರಕ್ತ ಯಾವ ಕಡೆ ಹರಿಯುತ್ತಿದೆ ಎನ್ನುವುದು ಅದರಲ್ಲಿ ಕಾಣುತ್ತದೆ, ಬುಸ್ ಬುಸ್ ಎಂದು ಕೇಳಿಸುತ್ತದೆ. ಹಾರ್ವೆ ಬೆರಳಿನಲ್ಲಿ ನೋಡಿದ್ದನ್ನು ಇವರು ಶಬ್ದದ ಅಲೆಯಿಂದ ನೋಡುತ್ತಾರೆ.

"ನಿಮ್ಮ ದೊಡ್ಡ ನರಗಳ ಬಾಗಿಲು ಚೆನ್ನಾಗಿವೆ ಅಮ್ಮಾ. ಇದು ಚರ್ಮದಲ್ಲಿರುವ ಬಲೆ ಮಾತ್ರ. ಹಾಗೇ ಬಿಟ್ಟರೂ ಅಪಾಯವಿಲ್ಲ. ಬೇಕಿದ್ದರೆ ಇಂಜೆಕ್ಷನ್‌ನಿಂದ ಮಾಯಿಸಬಹುದು. ಮಾಡಿಸೋದು, ಬಿಡೋದು ನಿಮ್ಮಿಷ್ಟ."

"ನಾನು ಹೇಳಲಿಲ್ವಾ?" ಎನ್ನುವಂತೆ ಅಕ್ಕ ನನ್ನ ಕಡೆ ನೋಡಿದಳು.

ಆಗ ಡಾಕ್ಟರು, ಮನೆಯಲ್ಲಿ ಬೇರೆ ಯಾರಿಗಾದರೂ ಕಾಲಿನ ತೊಂದರೆ ಇತ್ತಾ ಅಂತ ಕೇಳಿದರು. ನಾನು ಅಮ್ಮನ ಹುಣ್ಣಿನ ವಿಷಯ ಹೇಳಿದೆ. ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು. ಡಾಕ್ಟರು ಅಕ್ಕನ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಕಾಲೂ ಒಂದು ಸಲ ನೋಡಲಾ?"

"ನಂಗೇನಾಗಿದೆ? ನಾನು ಜೊತೆಗೆ ಬಂದವಳು" ಅಂದಳು ಅಕ್ಕ. ಸೀರೆಯನ್ನು ಇನ್ನೂ ಕೆಳಕ್ಕೆ ಎಳೆದುಕೊಂಡಳು. ಆ ಕೈಯನ್ನು ನಾನು ನೋಡಿದೆ. ಅದು ಅಮ್ಮನ ಕೈಯೇ.

"ಅಕ್ಕಾ, ತೋರಿಸು" ಅಂದೆ.

ತುಂಬ ಹೊತ್ತು ಸುಮ್ಮನೆ ಕೂತಿದ್ದು, ಕೊನೆಗೆ ಎಡಗಾಲಿನ ಸೀರೆ ಸರಿಸಿದಳು. ಹಿಮ್ಮಡಿಯ ಮೇಲೆ, ಗೆಜ್ಜೆ ಕೂರುವ ಜಾಗದ ಸುತ್ತ ಚರ್ಮ ಹಳೆಯ ತಾಮ್ರದ ಚೊಂಬಿನಷ್ಟು ಕಪ್ಪಾಗಿತ್ತು, ಗಟ್ಟಿಯಾಗಿತ್ತು. ಮೀನಖಂಡದಲ್ಲಿ ಹಗ್ಗದಂಥ ನರ. ಒಂದು ಕರವಸ್ತ್ರ ಸುತ್ತಿತ್ತು. ಬಿಚ್ಚಿದಾಗ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು.

"ತೋಟದಲ್ಲಿ ಉಂಬಳ ಕಚ್ಚಿದ್ದು" ಅಂದಳು. ಯಾವಾಗ? ಏಳು ತಿಂಗಳಾಯಿತು. ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ತಪ್ಪು ಉಂಬಳದ್ದಲ್ಲ. ಅಕ್ಕನ ದೊಡ್ಡ ನರದ ಬಾಗಿಲುಗಳೇ ಕೆಟ್ಟಿದ್ದವು. ರಕ್ತ ಪಾದದ ಹತ್ತಿರ ನಿಂತು ಒತ್ತಡ ಹೆಚ್ಚಾಗಿ ಅಲ್ಲಿನ ಚರ್ಮ ಸೊರಗಿತ್ತು. ಅಂಥ ಚರ್ಮದ ಮೇಲೆ ಸಣ್ಣ ಗೀರಾದರೂ ಸಾಕು, ಮಾಯುವುದಿಲ್ಲ. ಅಮ್ಮನದೂ ಇದೇ ಇದ್ದಿರಬೇಕು ಅಂತ ಡಾಕ್ಟರು ಹೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವತ್ತಿನಿಂದ ಅಕ್ಕನ ಚಿಕಿತ್ಸೆ ಶುರುವಾಯಿತು. ಕಾಲಿನ ಅಪಧಮನಿಗಳಲ್ಲಿ ರಕ್ತ ಚೆನ್ನಾಗಿ ಓಡುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ವಾರವಾರ ಪದರ ಪದರವಾಗಿ ಬಿಗಿ ಬ್ಯಾಂಡೇಜು ಕಟ್ಟಿದರು. ಸಕ್ಕರೆ ಕಾಯಿಲೆಯವರು ಈ ಪರೀಕ್ಷೆ ಇಲ್ಲದೆ ತಾವೇ ಬಿಗಿಯಾಗಿ ಕಟ್ಟಿಕೊಳ್ಳಬಾರದು. ಆ ದೊಡ್ಡ ನರವನ್ನು ಲೇಸರ್‌ನಿಂದ ಮುಚ್ಚಿದರು. ದೀಪಾವಳಿಯ ಹೊತ್ತಿಗೆ ಹುಣ್ಣು ಮಾಯಿತು. ಅಮ್ಮ ವರ್ಷಗಟ್ಟಲೆ ಹೊತ್ತದ್ದನ್ನು ಅಕ್ಕ ಐದು ತಿಂಗಳಲ್ಲಿ ಇಳಿಸಿದಳು.

ಇರುವೆ ಕಚ್ಚಿದ ಹಾಗೆ

ಇನ್ನು ನನ್ನ ಇಂಜೆಕ್ಷನ್ ಕತೆ. ಅಪಾಯವಿಲ್ಲ ಎಂದ ಮೇಲೂ ಮಾಡಿಸಿಕೊಂಡೆಯಾ ಅಂತ ಕೇಳುತ್ತೀರಿ. ಹೌದು. ಹದಿನೈದು ದಿನ ಯೋಚಿಸಿದೆ. 30 ವರ್ಷ ಮುಚ್ಚಿಕೊಂಡು ಸಾಕಾಗಿತ್ತು. "ಈಗಲೇ ಮಾಡಿಸು, ನಂಗೂ ನೋಡಬೇಕು" ಅಂತ ಅಕ್ಕನೇ ಹೇಳಿದಳು!

ಈ ಚಿಕಿತ್ಸೆಯ ಹೆಸರು ಸ್ಕ್ಲೀರೋಥೆರಪಿ. ಗ್ರೀಕ್ ಭಾಷೆಯಲ್ಲಿ 'ಸ್ಕ್ಲೀರೋಸ್' ಎಂದರೆ ಗಟ್ಟಿ. ಇದು ಹೊಳೆದದ್ದು ಹೇಗೆ ಗೊತ್ತೇ? 20ನೇ ಶತಮಾನದ ಆರಂಭದಲ್ಲಿ ಯುರೋಪಿನ ವೈದ್ಯರು ಬೇರೊಂದು ಕಾಯಿಲೆಗೆ ನರದೊಳಗೆ ಔಷಧಿ ಕೊಡುತ್ತಿದ್ದರು. ಚುಚ್ಚಿದ ನರವೇ ಗಟ್ಟಿಯಾಗಿ ಮುಚ್ಚಿಹೋಗುತ್ತಿತ್ತು. ಒಬ್ಬರಿಗೆ ಅದು ತೊಂದರೆ. ಆದರೆ ಮುಚ್ಚಲೇಬೇಕಾದ ನರವಿದ್ದರೆ ಅದೇ ಮದ್ದಾಗಬಹುದಲ್ಲ ಅಂತ ಕೆಲವರಿಗೆ ತೋಚಿತು.

ನನಗೆ ಕೊಟ್ಟ ಔಷಧಿ ಪೋಲಿಡೋಕನಾಲ್. ಅದನ್ನು ಮೊದಲು ತಯಾರಿಸಿದ್ದು ಮರಗಟ್ಟಿಸುವ ಮದ್ದಾಗಿ. ಅದಕ್ಕೇ ನೋವು ಕಡಿಮೆ. ಸೂಜಿಯೋ, ಕೂದಲಿನ ಹಾಗಿತ್ತು. ಅದರ ದಪ್ಪ ಸುಮಾರು 0.3 ಮಿಲಿಮೀಟರ್, ಇನ್ಸುಲಿನ್ ತೆಗೆದುಕೊಳ್ಳುವ ತಾತಂದಿರಿಗೆ ಅದರ ಪರಿಚಯ ಇರುತ್ತದೆ. ನನ್ನನ್ನು ಮಲಗಿಸಿ, ಸ್ಪಿರಿಟ್ ಒರೆಸಿ, ಡಾಕ್ಟರು ಕನ್ನಡಕದ ಮೇಲೆ ಭೂತಗನ್ನಡಿ ಹಾಕಿಕೊಂಡರು. ಒಂದೊಂದು ಎಳೆಗೂ ಒಂದೊಂದು ಹನಿ. ಕೆಂಪು ಎಳೆ ನೋಡನೋಡುತ್ತಲೇ ಬಿಳಿಚಿಕೊಳ್ಳುತ್ತಿತ್ತು. ಇರುವೆ ಕಚ್ಚಿದ ಹಾಗೆ ಚುರ್ ಎನ್ನುತ್ತಿತ್ತು, ಅಷ್ಟೇ. ಇಪ್ಪತ್ತರವರೆಗೆ ಎಣಿಸಿ, ಆಮೇಲೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಮುಗಿಯಿತು.

ಔಷಧಿ ನರದ ಒಳಗೋಡೆಯನ್ನು ಕೆರಳಿಸುತ್ತದೆ. ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಚ್ಚಿದ ನರವನ್ನು ಮೈ ತಾನೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

"ಹಾಗಾದರೆ ಅದರಲ್ಲಿದ್ದ ರಕ್ತ ಎಲ್ಲಿಗೆ ಹೋಗಬೇಕು?" ಪುಟ್ಟಿಯ ಪ್ರಶ್ನೆ. ಒಳ್ಳೆಯ ಪ್ರಶ್ನೆ. ನಮ್ಮ ಬೀದಿಯ ಒಂದು ಸಂದಿ ಮುಚ್ಚಿದರೆ ಹಾಲಿನವನು ಪಕ್ಕದ ಬೀದಿಯಿಂದ ಬರುವುದಿಲ್ಲವೇ? ಕಾಲಿನಲ್ಲಿ ಬೇರೆ ನರಗಳು ಬೇಕಾದಷ್ಟಿವೆ. ರಕ್ತ ಒಳ್ಳೆಯ ದಾರಿ ಹಿಡಿಯುತ್ತದೆ.

ಮುಗಿದ ತಕ್ಷಣ ಬಿಗಿ ಕಾಲುಚೀಲ ಹಾಕಿಸಿ, ಅರ್ಧ ಗಂಟೆ ನಡೆದಾಡಿ ಬನ್ನಿ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ತನ್ನ ಬ್ಯಾಂಡೇಜಿನಲ್ಲಿ, ನಾನು ನನ್ನ ಚೀಲದಲ್ಲಿ, ಅತ್ತಿಂದಿತ್ತ ಓಡಾಡಿದ್ದೇ ಓಡಾಡಿದ್ದು. ಆ ಚೀಲ ಹಾಕುವುದು ದೊಡ್ಡ ಸಾಹಸ ಮಾರಾಯರೇ! ಅದರ ಬಿಗಿ ಯಾಕೆ ಬೇಕು ಅಂತ ತಿಳಿಯಲು ಮೈಸೂರು ಮೃಗಾಲಯದ ಜಿರಾಫೆಯನ್ನು ನೆನೆಸಿಕೊಳ್ಳಿ. ಅಷ್ಟೆತ್ತರದ ಪ್ರಾಣಿ ದಿನವೆಲ್ಲ ನಿಂತರೂ ಅದರ ಕಾಲು ಊದಿಕೊಳ್ಳುವುದಿಲ್ಲ. ಅದರ ಕಾಲಿನ ಚರ್ಮ ದಪ್ಪ, ಬಿಗಿ. ಹುಟ್ಟಿದಾಗಲೇ ಚೀಲ ಹಾಕಿಕೊಂಡು ಬಂದ ಹಾಗೆ.

ಕೆಲವು ದಿನ ಬಿಸಿಲಿಗೆ ಕಾಲು ಒಡ್ಡಬೇಡಿ, ದೂರದ ಪ್ರಯಾಣ ಬೇಡ, ದಿನಾ ನಡೆಯಿರಿ ಎಂದಿದ್ದರು. ಆರು ವಾರ ಬಿಟ್ಟು ಇನ್ನೊಂದು ಸಲ ಚುಚ್ಚಿಸಿಕೊಂಡೆ.

ಫಲ? ಮೊದಲ ವಾರ ಕಾಲು ಇನ್ನೂ ಕೆಟ್ಟದಾಗಿ ಕಂಡಿತು. ಅಲ್ಲಲ್ಲಿ ಕಂದಿತ್ತು, ತುರಿಸುತ್ತಿತ್ತು. ಅಯ್ಯೋ, ಬೇಡವಾಗಿತ್ತು ಅನಿಸಿತು. ಒಂದೂವರೆ ತಿಂಗಳಿಗೆ ಎಳೆಗಳು ಮಂಕಾದವು. ಈಗ ಮುಕ್ಕಾಲು ಪಾಲು ಹೋಗಿವೆ. ಬಲ ಮೊಣಕಾಲಿನ ಬಳಿ ಒಂದು ಕಂದು ಗೆರೆ ಉಳಿದಿದೆ. ಕೆಲವರಿಗೆ ಹೀಗೆ ಕಲೆ ಉಳಿಯುತ್ತದೆ, ಸಾಮಾನ್ಯವಾಗಿ ತಿಂಗಳುಗಳು ಕಳೆದಂತೆ ಮಾಸುತ್ತದೆ. ಇನ್ನು ಹೊಸ ಬಲೆ ಬರುವುದಿಲ್ಲವೇ ಎಂದರೆ, ಬರಬಹುದು. ಈ ಇಂಜೆಕ್ಷನ್ ಇದ್ದದ್ದನ್ನು ಮುಚ್ಚುತ್ತದೆ, ಬರುವುದನ್ನು ತಡೆಯುವುದಿಲ್ಲ.

ಹಿರಿಯರಿಗೆ ಎರಡು ಮಾತು

ಮಾಡಿಸಿಕೊಳ್ಳಬೇಕು ಅನಿಸಿದರೆ ಬ್ಯೂಟಿ ಪಾರ್ಲರಿಗೆ ಹೋಗಬೇಡಿ, ರಕ್ತನಾಳದ ಡಾಕ್ಟರ ಅಥವಾ ಇದನ್ನು ಕಲಿತ ಚರ್ಮದ ಡಾಕ್ಟರ ಬಳಿ ಹೋಗಿ. ಒಳಗಿನ ದೊಡ್ಡ ನರ ಸರಿಯಿದೆಯೇ ಎಂದು ಮೊದಲು ಕೇಳಿ. ಅದು ಸೋರುತ್ತಿದ್ದರೆ ಮೇಲಿನ ಬಲೆ ಮಾತ್ರ ತೆಗೆದು ಪ್ರಯೋಜನವಿಲ್ಲ, ನೆಲ ಒರೆಸುತ್ತ ನಲ್ಲಿ ಬಿಟ್ಟ ಹಾಗೆ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಯಾವ ಔಷಧಿ ಒಗ್ಗುವುದಿಲ್ಲ, ಯಾವ ಮಾತ್ರೆ ನುಂಗುತ್ತೀರಿ ಎಲ್ಲವನ್ನೂ ಹೇಳಿ. ಬಸುರಿಯರಿಗೆ ಇದನ್ನು ಮಾಡುವುದಿಲ್ಲ. ಬಸುರಿನಲ್ಲಿ ಬಂದ ಎಷ್ಟೋ ಎಳೆಗಳು ಹೆರಿಗೆಯ ನಂತರ ತಾವೇ ಮಾಸುತ್ತವೆ. ಅಪರೂಪಕ್ಕೆ ಅಲರ್ಜಿ, ಚುಚ್ಚಿದ ಕಡೆ ಹುಣ್ಣು, ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಆಗಬಹುದು. ಚಂದಕ್ಕಾಗಿ ಮಾಡಿಸಿದರೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಖರ್ಚು ಎಷ್ಟು, ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಬಲೆ ನಿಮಗೆ ಬೇಸರ ತರದಿದ್ದರೆ ಏನೂ ಮಾಡಿಸಬೇಡಿ. ಅದೂ ಸರಿಯೇ. ಆದರೆ ಇವನ್ನು ಮಾತ್ರ ಮುಚ್ಚಿಡಬೇಡಿ: ಹಗ್ಗದಂತೆ ಉಬ್ಬಿದ ನರ, ಸಂಜೆಯ ಹೊತ್ತಿಗೆ ಊದುವ ಕಾಲು, ಗೆಜ್ಜೆ ಕೂರುವ ಜಾಗದಲ್ಲಿ ಕಪ್ಪಾದ ಚರ್ಮ, ಮಾಯದ ಗಾಯ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ.

ಮಕ್ಕಳಿಗೆ ಮೂರು ಕೆಲಸ

ಒಂದು: ಹಾರ್ವೆಯ ಪ್ರಯೋಗ ಮಾಡಿ, ಅಜ್ಜಿಯ ಕೈಯಲ್ಲಿ ಎಷ್ಟು ಬಾಗಿಲು ಸಿಕ್ಕವು ಎಣಿಸಿ.

ಎರಡು: ಇದನ್ನು ಕಲಿತಿಟ್ಟುಕೊಳ್ಳಿ. ಉಬ್ಬಿದ ನರ ಏಟು ತಗುಲಿ ಒಡೆದರೆ ರಕ್ತ ಚಿಮ್ಮಬಹುದು. ಹೆದರಬೇಡಿ. ಅಜ್ಜ-ಅಜ್ಜಿಯನ್ನು ತಕ್ಷಣ ಮಲಗಿಸಿ. ಕಾಲನ್ನು ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲೆ ಇಡಿ. ಶುಭ್ರವಾದ ಬಟ್ಟೆಯಿಂದ ಗಾಯದ ಮೇಲೆ ಒತ್ತಿ ಹಿಡಿಯಿರಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ. ಹಗ್ಗದಿಂದ ಬಿಗಿದು ಕಟ್ಟಬೇಡಿ.

ಮೂರು: ಈ ಭಾನುವಾರ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತೇನೆ ಅಂತ ಕೂರಿಸಿಕೊಳ್ಳಿ. ಕಾಲು ನೋಡಿ. ಏನಾದರೂ ಕಂಡರೆ ನಮ್ಮ ಪುಟ್ಟಿಯ ಹಾಗೆ ಊರಿಗೆಲ್ಲ ಕೇಳುವಂತೆ ಕೂಗಬೇಡಿ. ಕಿವಿಯಲ್ಲಿ ಕೇಳಿ, "ಅಜ್ಜಿ, ಇದು ಯಾವಾಗಿನಿಂದ?" ಆಮೇಲೆ ಅಪ್ಪ-ಅಮ್ಮನಿಗೆ ಹೇಳಿ.

ಪುಟ್ಟಿಯ ಮೂರನೇ ಪ್ರಶ್ನೆ ಇನ್ನೂ ಉಳಿದಿದೆ. "ನನಗೂ ಬರುತ್ತಾ?" ಬರಬಹುದು ಕಂದಾ, ಅಂದೆ. ಮುತ್ತಜ್ಜಿಗೆ ಇತ್ತು, ದೊಡ್ಡಜ್ಜಿಗೆ ಇದೆ, ನನಗೆ ಇದೆ. ಬಂದರೆ ಏನು ಮಾಡ್ತೀಯ? "ಡಾಕ್ಟರ್‌ಗೆ ತೋರಿಸ್ತೀನಿ" ಅಂದಳು, ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಹೋದ ತಿಂಗಳು ಮತ್ತೆ ಮಲ್ಪೆಗೆ ಹೋಗಿದ್ದೆವು. ಈ ಸಲ ಅಕ್ಕನೂ ಬಂದಿದ್ದಳು. ನನ್ನ ಕಂದು ಗೆರೆ, ಅವಳ ಕಪ್ಪು ಕಲೆ ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು. ಯಾರೂ ನೋಡಲಿಲ್ಲ. ಹೋದ ವರ್ಷವೂ ಇಳಿಯಬಹುದಿತ್ತು ಅಂತ ಆಗ ಅನಿಸಿತು. ಚಪ್ಪಲಿ ಕಾಯಲು ಮಗನನ್ನು ಕೂರಿಸಿದ್ದೆವು.

ನಿಮ್ಮ ಅಜ್ಜಿಯ ಕೈಯಲ್ಲಿ ಎಷ್ಟು ಬಾಗಿಲು ಸಿಕ್ಕವು, ನನಗೆ ಬರೆದು ತಿಳಿಸಿ.